ಕಬ್ಬಿನ ಗಾಡಿಗೆ 5 ಸೆಕೆಂಡು ಸಾಲದು

ಪ್ರಶ್ನೆ: ಸರ, ನಾ ಸೊಲ್ಲಾಪುರದಾಗ ರಿಕ್ಷಾ ಹೊಡೀತೀನಿ. ಹಂಗಾಮು ಶುರು ಆತಂದ್ರ ಅಕ್ಕಲಕೋಟ ರಸ್ತೆ ಕಡಿಂದ ಬರೋ ಡಬಲ್ ಟ್ರಾಲಿ ಟ್ರ್ಯಾಕ್ಟರ್ ಚೌಕದ ನಡುವ ಸಿಕ್ಕೊಂಡು ನಾಲ್ಕೂ ಕಡಿ ಗಾಡಿ ನಿಂತಬಿಡ್ತಾವ. ಹಸಿರು ಇನ್ನೊಂದು 20 ಸೆಕೆಂಡ್ ಹೆಚ್ಚು ಮಾಡಿದ್ರ ಸರಿಹೋಗಂಗಿಲ್ಲೇನು?
— ಒಬ್ಬ ರಿಕ್ಷಾ ಚಾಲಕ, ಸೊಲ್ಲಾಪುರ

ಉತ್ತರ: ಹೋಗುವುದಿಲ್ಲ. ಹಸಿರು ಎಷ್ಟೇ ಉದ್ದವಾದರೂ ಅದು ಮುಗಿಯುವ ಗಳಿಗೆಯೊಂದು ಇದ್ದೇ ಇರುತ್ತದೆ, ನಿಮ್ಮ ಟ್ರ್ಯಾಕ್ಟರ್ ಸಿಕ್ಕಿಬೀಳುವುದು ಅಲ್ಲೇ. ಲೆಕ್ಕ ಹಾಕಿ ನೋಡಿ. ನಿಲ್ಲುವ ಗೆರೆಯಿಂದ ಚೌಕದ ಆಚೆ ಬದಿಗೆ 30 ಮೀಟರ್ ಅನ್ನೋಣ. ಕಾರಿನ ಉದ್ದ 4 ಮೀಟರ್. ಗಂಟೆಗೆ 30 ಕಿ.ಮೀ. ವೇಗದಲ್ಲಿ ಬಾಲಸಮೇತ ದಾಟಲು ಅದಕ್ಕೆ 4 ಸೆಕೆಂಡು ಸಾಕು. ಹಳದಿ 3, ಆಮೇಲೆ ನಾಲ್ಕೂ ಕಡೆ ಕೆಂಪು 2, ಒಟ್ಟು 5 ಸೆಕೆಂಡು ಕೊಟ್ಟರೆ ಕಾರು ಪಾರು. ಈಗ ಕಬ್ಬು ಹೇರಿದ ಟ್ರ್ಯಾಕ್ಟರು: ಎರಡು ಟ್ರಾಲಿ ಸೇರಿ 15 ಮೀಟರ್ ಉದ್ದ, ವೇಗ 10 ಕಿ.ಮೀ. ಅಂದುಕೊಳ್ಳಿ. 45 ಮೀಟರ್ ಸಾಗಲು 16 ಸೆಕೆಂಡು ಬೇಕು. ಹಸಿರಿನ ಕೊನೆಗೆ ಗೆರೆ ದಾಟಿದ್ದರೆ, ಆ 5 ಸೆಕೆಂಡು ಮುಗಿಯುವಷ್ಟರಲ್ಲಿ ಅದರ ಮೂತಿ ಚೌಕದ ನಡುವೆ, ಹಿಂದಿನ ಟ್ರಾಲಿಯ ಬಾಲ ಇನ್ನೂ ಗೆರೆಯ ಮೇಲೆ! ಅಷ್ಟರಲ್ಲಿ ಅಡ್ಡ ರಸ್ತೆಗೆ ಹಸಿರು.

ಹಾಗಾದರೆ ಎಲ್ಲ ಸರದಿಗೂ 16 ಸೆಕೆಂಡು ಬಿಡಬಹುದಲ್ಲ? ನಾಲ್ಕು ಸರದಿಗೆ 64 ಸೆಕೆಂಡು ಬರೀ ಕಾಯುವುದಕ್ಕೇ ಹೋಯಿತು. ಹಸಿರು ಹೆಚ್ಚಿಸಿದರೂ ಅಷ್ಟೇ, ನಿಮಗೆ ಕೊಟ್ಟ 20 ಸೆಕೆಂಡು ಉಳಿದ ಮೂರು ರಸ್ತೆಗೆ ಕೆಂಪು. ಬ್ರಿಟನ್ನಿನ ರಸ್ತೆ ಸಂಚಾರ ಸಂಶೋಧಕ ವೆಬ್‌ಸ್ಟರ್ 1958ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ನಮ್ಮ ಎಂಜಿನಿಯರಿಂಗ್ ಪಾಠದಲ್ಲಿದೆ: ಪೋಲಾಗುವ ಸೆಕೆಂಡು ಹೆಚ್ಚಿದಂತೆ ಸಿಗ್ನಲ್ಲಿನ ಇಡೀ ಸುತ್ತೇ ಉದ್ದವಾಗಬೇಕಾಗುತ್ತದೆ. 120 ಸೆಕೆಂಡು ಕೆಂಪು ನೋಡುತ್ತ ಕೂತ ಬೈಕಿನವನ ತಾಳ್ಮೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಅವನದೇ ನನಗೆ ಹೆಚ್ಚು ಭಯ. ಸಂದಿಯಲ್ಲಿ ನುಸುಳಿ ಎಲ್ಲರಿಗಿಂತ ಮುಂದೆ ಬಂದು ನಿಲ್ಲುತ್ತಾನೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಹಸಿರು ಬಿದ್ದೊಡನೆ ಬೈಕುಗಳ ಗುಂಪು ಸರ್ರನೆ ಖಾಲಿಯಾಗುವುದು ಒಳ್ಳೆಯದೇ. ಆದರೆ ಕೆಂಪಿನ ಅಂಕಿ 3, 2 ಎಂದು ಇಳಿಯುವಾಗಲೇ ಅವನ ಚಕ್ರ ಉರುಳಿರುತ್ತದೆ, ಎದುರಿಗೆ ಟ್ರಾಲಿಯ ಬಾಲ ಇನ್ನೂ ದಾಟುತ್ತಿರುತ್ತದೆ. ಇನ್ನು ಕೆಲವರು ಟ್ರ್ಯಾಕ್ಟರ್ ನಿಂತಿತೆಂದು ಎರಡು ಟ್ರಾಲಿಗಳ ನಡುವಿನ ಕೊಂಡಿಯ ಜಾಗದಲ್ಲೇ ಬೈಕು ತೂರಿಸುತ್ತಾರೆ. ಎಡಕ್ಕೆ ತಿರುಗುವಾಗ ಹಿಂದಿನ ಟ್ರಾಲಿ ಮುಂದಿನದರ ಜಾಡಿನಲ್ಲಿ ಬರುವುದಿಲ್ಲ, ಮೂಲೆಯತ್ತ ಒಳಗೆ ಎಳೆಯುತ್ತದೆ. ಎಡಗಡೆ ನಿಂತ ಬೈಕಿಗೂ ನಿಮ್ಮ ರಿಕ್ಷಾಕ್ಕೂ ಆಗ ಸರಿಯಲು ಜಾಗವಿರುವುದಿಲ್ಲ.

ನನ್ನ ಕೇಳಿದರೆ, ಬೆಳಿಗ್ಗೆ ಸಂಜೆ ಗರ್ದಿಯ ಹೊತ್ತಿನಲ್ಲಿ ಕಬ್ಬಿನ ಗಾಡಿ ಊರೊಳಗಿನ ಚೌಕಕ್ಕೆ ಬರಲೇಬಾರದು. ಇದು ಸಿಗ್ನಲ್ ಡಬ್ಬಿಯಿಂದ ಆಗುವ ಕೆಲಸವಲ್ಲ. ಹಂಗಾಮಿಗೆ ಮುಂಚೆ ಕಾರ್ಖಾನೆಯವರು, ಟ್ರಾಫಿಕ್ ಪೊಲೀಸರು ಕೂತು ವೇಳೆ, ದಾರಿ ಗೊತ್ತುಮಾಡಬೇಕು. ಬಂದೇ ಬಂದರೆ, ಹಸಿರಿನಲ್ಲಿ 10 ಸೆಕೆಂಡು ಉಳಿದಿದ್ದರೂ ಟ್ರ್ಯಾಕ್ಟರ್ ಗೆರೆಯ ಹಿಂದೆಯೇ ನಿಲ್ಲಲಿ. ಹಿಂದಿನವನು ಹಾರ್ನ್ ಹೊಡೆಯುತ್ತಾನೆ, ಹೊಡೆದುಕೊಳ್ಳಲಿ.

ಪ್ರಶ್ನೆ: ಕೆಂಪು ಇದ್ರೂ ಎಡಕ್ಕ ಹೊಳ್ಳಬಹುದಲ್ರೀ?
— ಕಾಲೇಜು ವಿದ್ಯಾರ್ಥಿನಿ, ಅಕ್ಕಲಕೋಟ

ಉತ್ತರ: ಇಲ್ಲಮ್ಮ. ಎಡಕ್ಕೆ ಬಿಡುವ ಬೋರ್ಡೋ ಹಸಿರು ಬಾಣವೋ ಇದ್ದರೆ ಮಾತ್ರ. ಇದ್ದರೂ ಜೀಬ್ರಾ ಪಟ್ಟಿಯ ಮೇಲೆ ನಡೆಯುವವರಿದ್ದರೆ ಮೊದಲು ಅವರು ದಾಟಲಿ.