ನಿಮ್ಮ ಪಟ್ಟಿಯಲ್ಲಿ ಚಾವಿ ಐದನೆಯವನಾ?

ಧಾರವಾಡದಿಂದ ಓದುಗರೊಬ್ಬರು ಬರೆದಿದ್ದಾರೆ:

"ಸಂಪಾದಕರೇ, ಬಾರ್ಸಿಲೋನಾ ಫುಟ್‌ಬಾಲ್ ಕ್ಲಬ್ಬಿನ ಲಾ ಮಸಿಯಾ ಅಕಾಡೆಮಿಯಿಂದ ಬಂದ ಹತ್ತು ಶ್ರೇಷ್ಠ ಆಟಗಾರರ ಪಟ್ಟಿ ಮಾಡಿದ್ದೇನೆ. ಮೆಸ್ಸಿ, ಯಮಾಲ್, ಇನಿಯೆಸ್ಟಾ, ಪುಯೋಲ್, ಚಾವಿ, ಪಿಕೆ, ಫ್ಯಾಬ್ರೆಗಾಸ್, ಪೆಡ್ರೊ, ವಾಲ್ದೆಸ್, ಗಾವಿ. ಒಪ್ಪುತ್ತೀರಾ? ಮೆಸ್ಸಿಯಂಥವರು ಎಲ್ಲಿದ್ದರೂ ಮೇಲೆ ಬರುತ್ತಾರೆ, ಅಕಾಡೆಮಿ ಸುಮ್ನೆ ಹೆಸರಿಗೆ ಎನ್ನುವುದು ನನ್ನ ವಾದ. ಇನ್ನೊಂದು ಮಾತು. ನನ್ನ ಮಗನಿಗೆ ಹತ್ತು ವರ್ಷ. ಚೆನ್ನಾಗಿ ಆಡುತ್ತಾನೆ, ಆದರೆ ಕುಳ್ಳ. ಎತ್ತರ ಸಾಲದು ಅಂತ ಕೋಚ್ ಹೇಳಿದ್ದಾರೆ. ಯಾವ ಅಕಾಡೆಮಿಗೆ ಸೇರಿಸಲಿ?"

ಸಂಪಾದಕರ ಉತ್ತರ:

ನಿಮ್ಮ ಕಾಗದ ಬಂದು ಹತ್ತು ದಿನ ಆಯ್ತು. ಇನ್ನೂ ಮೇಜಿನ ಮೇಲೇ ಇದೆ. ಬೇರೆ ಕಾಗದಗಳೂ ಬಂದಿವೆ, ಚೆನ್ನಾಗಿರುವವೂ ಇವೆ. ಆದರೆ ನಿಮ್ಮ ಪಟ್ಟಿಯ ಆ ಐದನೇ ಹೆಸರು ನನ್ನನ್ನು ಬಿಡಲಿಲ್ಲ. ಅದಕ್ಕೇ ಈ ಸಲದ ಪುಟ ಪೂರ್ತಿ ನಿಮಗೆ.

ಒಪ್ಪಬೇಕಾದದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. ಮೆಸ್ಸಿಯ ಬಗ್ಗೆ ನೀವು ಹೇಳಿದ್ದು ಸುಳ್ಳಲ್ಲ. 2000ದ ಸೆಪ್ಟೆಂಬರಿನಲ್ಲಿ ಅರ್ಜೆಂಟೀನಾದ ರೊಸಾರಿಯೊ ಊರಿಂದ ಅಪ್ಪನ ಜೊತೆ ಬಂದಾಗ ಅವನಿಗೆ ಹದಿಮೂರು. ಎಡಗಾಲಿನ ಮಾಯೆ ಆಗಲೇ ಇತ್ತು. ಬೆಳವಣಿಗೆಯ ಹಾರ್ಮೋನ್ ಕೊರತೆ ಇತ್ತು, ಅದರ ಚುಚ್ಚುಮದ್ದಿನ ಖರ್ಚು ಹೊರಲು ಕ್ಲಬ್ ಮುಂದಾಯಿತು. ಡಿಸೆಂಬರ್ 14ರಂದು ಕ್ಲಬ್ಬಿನ ಅಧಿಕಾರಿ ಕಾರ್ಲೆಸ್ ರೆಕ್ಸಾಚ್ ಪೇಪರ್ ನ್ಯಾಪ್‌ಕಿನ್ ಮೇಲೆ ಒಪ್ಪಂದ ಬರೆದುಕೊಟ್ಟ ಕತೆ ನಿಮಗೂ ಗೊತ್ತಿರುತ್ತದೆ. ಆಮೇಲೆ ಆ ಕ್ಲಬ್ಬಿಗೆ 778 ಪಂದ್ಯ, 672 ಗೋಲು. ಚೆಂಡಾಟ ಆಡಿದವರಲ್ಲೇ ಅವನು ಎಲ್ಲರಿಗಿಂತ ಮೇಲೆ ಅಂದರೂ ನಾನು ಜಗಳಕ್ಕೆ ಬರುವುದಿಲ್ಲ.

ಆದರೆ ನಾವು ಮಾತಾಡುತ್ತಿರುವುದು ಒಂದು ಶಾಲೆಯ ಬಗ್ಗೆ, ಅಲ್ವಾ? ಮೆಸ್ಸಿ ಅಲ್ಲಿಗೆ ಬಂದವನು. ಅವನನ್ನು ಕೆಡಿಸದೆ ಕಾಪಾಡಿದ್ದು ಆ ಶಾಲೆಯ ದೊಡ್ಡತನ, ಅದು ಸಣ್ಣ ಕೆಲಸವೇನಲ್ಲ. ಆದರೆ ಆ ಶಾಲೆ ಇಲ್ಲದಿದ್ದರೆ ಯಾರು ಕಳೆದುಹೋಗುತ್ತಿದ್ದರು? ನಾನು ಹುಡುಕುವುದು ಆ ಮಗುವನ್ನು. ಹಾಗೆ ಹುಡುಕಿದರೆ ನನಗೆ ಮೊದಲು ಸಿಗುವ ಹೆಸರು ಚಾವಿ ಹೆರ್ನಾಂಡೆಸ್.

ನಿಮ್ಮ ಕಡೆ ಬೀಗದ ಕೈಗೆ ಚಾವಿ ಅಂತಾರೆ. ಅವನ ಆಟ ನೋಡುವಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ.

ಬಾರ್ಸಿಲೋನಾ ಪಕ್ಕದ ಟೆರಾಸ್ಸಾದ ಹುಡುಗ. ಹನ್ನೊಂದನೇ ವಯಸ್ಸಿಗೆ, 1991ರಲ್ಲಿ ಸೇರಿದ. ವೇಗ ಇಲ್ಲ. ಎತ್ತರ ಇಲ್ಲ. ಮೈಕಟ್ಟಂತೂ ಇಲ್ಲವೇ ಇಲ್ಲ. ಬೇರೆ ಎಷ್ಟೋ ಕಡೆ ಇಂಥ ಹುಡುಗನನ್ನು ಮೊದಲ ದಿನವೇ "ಮುಂದಿನ ವರ್ಷ ಬಾ" ಅಂತ ಕಳಿಸಿಬಿಡುತ್ತಿದ್ದರು. ಇಲ್ಲಿ ಅವನ ಕತ್ತನ್ನು ನೋಡಿದರು. ಚೆಂಡು ಬರುವ ಮೊದಲೇ ಅವನ ಕತ್ತು ಎಡಕ್ಕೆ, ಬಲಕ್ಕೆ, ಹಿಂದಕ್ಕೆ ತಿರುಗಿರುತ್ತಿತ್ತು. ಯಾರು ಎಲ್ಲಿದ್ದಾರೆ, ಎಲ್ಲಿ ಜಾಗ ಖಾಲಿ ಇದೆ ಎನ್ನುವ ಲೆಕ್ಕ ಆಗಲೇ ಮುಗಿದಿರುತ್ತಿತ್ತು. ಚೆಂಡು ಬಂದ ಮೇಲೆ ಯೋಚನೆ ಇಲ್ಲ, ಪಾಸ್ ಅಷ್ಟೇ.

ಇದನ್ನು ಕಲಿಸುವ ಆಟವೊಂದಿದೆ, ರೊಂಡೊ ಅಂತ. ಸುತ್ತ ನಿಂತ ಹುಡುಗರು ಒಂದೇ ಮುಟ್ಟಿಗೆ ಚೆಂಡು ದಾಟಿಸುತ್ತಾ ಇರಬೇಕು. ನಡುವೆ ಇಬ್ಬರು ಅದನ್ನು ಕಿತ್ತುಕೊಳ್ಳಲು ಓಡಾಡುತ್ತಾರೆ. ನೋಡಲು ಮಕ್ಕಳಾಟ. 1988ರಲ್ಲಿ ಕೋಚ್ ಆಗಿ ಬಂದ ಯೊಹಾನ್ ಕ್ರೈಫ್ ಇದನ್ನೇ ಇಡೀ ಕ್ಲಬ್ಬಿನ ಉಸಿರು ಮಾಡಿಬಿಟ್ಟರು. ಪುಟ್ಟ ಮಕ್ಕಳಿಂದ ಹಿಡಿದು ದೊಡ್ಡ ತಂಡದವರೆಗೆ ಎಲ್ಲರೂ ದಿನಾ ಅದನ್ನೇ ಆಡಬೇಕು.

ಚಾವಿ ದೊಡ್ಡ ತಂಡಕ್ಕೆ ಬಂದದ್ದು 1998ರಲ್ಲಿ. ಅವನು ನಿಂತ ಜಾಗ ಗಾರ್ಡಿಯೊಲಾನದು, ಮುಂದೆ ಅದೇ ಕ್ಲಬ್ಬಿನ ಕೋಚ್ ಆದನಲ್ಲ, ಅವನದು. ಹಾಗಾಗಿ ವರ್ಷಗಟ್ಟಲೆ ಹೋಲಿಕೆ. ಇವನು ಅಡ್ಡ ಪಾಸ್ ಕೊಡುವವನು, ಮುಂದೆ ಹೋಗುವುದಿಲ್ಲ ಎನ್ನುವ ದೂರು ಬೇರೆ. 2005ರ ಕೊನೆಗೆ ಮೊಣಕಾಲಿಗೆ ಗಾಯ ಮಾಡಿಕೊಂಡು ತಿಂಗಳುಗಟ್ಟಲೆ ಕೂತ. ಯುರೋಪಿನ ದೇಶಗಳು ಆಡುವ ಯೂರೋ ಕಪ್ಪಿನ ಶ್ರೇಷ್ಠ ಆಟಗಾರ ಅನ್ನಿಸಿಕೊಂಡಾಗ 2008, ಅವನಿಗೆ ಇಪ್ಪತ್ತೆಂಟು. ಅಲ್ಲಿಗೆ ಹತ್ತು ವರ್ಷ ಆಗಿತ್ತು ನೋಡಿ. ಮರುವರ್ಷ ರೋಮ್‌ನಲ್ಲಿ ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಫೈನಲ್. ಮೆಸ್ಸಿ ಗಾಳಿಯಲ್ಲಿ ಹಾರಿ ತಲೆಯಿಂದ ಹೊಡೆದ ಗೋಲಿನ ಚಿತ್ರ ನಿಮ್ಮ ಮಗನ ಕೋಣೆಯ ಗೋಡೆ ಮೇಲೂ ಇರಬಹುದು. ಆ ಚೆಂಡನ್ನು ಅಲ್ಲಿಗೆ ಕಳಿಸಿದ್ದು ಚಾವಿ. ಚಿತ್ರದಲ್ಲಿ ಅವನಿಲ್ಲ. ನನ್ನ ನೋವು ಇರುವುದು ಅಲ್ಲೇ.

ಈಗ ಎತ್ತರದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಕಾಗದದಲ್ಲಿ ನನ್ನನ್ನು ಜಾಸ್ತಿ ತಟ್ಟಿದ್ದು ಅದು. ಮಸಿಯಾ ಅಂದರೆ ಕ್ಯಾಟಲನ್ ಭಾಷೆಯಲ್ಲಿ ತೋಟದ ಮನೆ. 1702ರಲ್ಲಿ ಕಟ್ಟಿದ ಹಳೇ ಕಲ್ಲಿನ ಮನೆ, ಕ್ಯಾಂಪ್ ನೌ ಮೈದಾನದ ಪಕ್ಕದಲ್ಲೇ ಇದೆ. ದೂರದೂರಿನ ಹುಡುಗರು ಅಲ್ಲಿ ಉಳಿದುಕೊಂಡು ಶಾಲೆಗೆ ಹೋಗಲಿ, ಆಟ ಕಲಿಯಲಿ ಅಂತ 1979ರಲ್ಲಿ ಅದನ್ನು ಹಾಸ್ಟೆಲ್ ಮಾಡಿದರು. ಅದಕ್ಕೂ ಮೊದಲು, ಎಪ್ಪತ್ತರ ದಶಕದಲ್ಲಿ, ಹುಡುಗರ ತಂಡಗಳ ಹೊಣೆ ಹೊತ್ತು ಲಾರಿಯಾನೊ ರೂಯಿಸ್ ಎನ್ನುವವರು ಬಂದರಂತೆ. ಅವರ ಕೋಣೆಯಲ್ಲಿ ಒಂದು ಬೋರ್ಡು. 1.80 ಮೀಟರಿಗಿಂತ ಕುಳ್ಳಗಿರುವ ಹುಡುಗನನ್ನು ಕರೆತಂದಿದ್ದರೆ ಹಾಗೇ ವಾಪಸ್ ಹೋಗಿ ಅಂತ ಬರೆದಿತ್ತಂತೆ. ರೂಯಿಸ್ ಮೊದಲು ಮಾಡಿದ ಕೆಲಸ ಅದನ್ನು ಕಿತ್ತು ಹಾಕಿದ್ದು.

ಆ ಬೋರ್ಡು ಉಳಿದಿದ್ದರೆ? ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ ಓರ್ ಪ್ರಶಸ್ತಿಯ 2010ರ ಕೊನೇ ಸುತ್ತಿಗೆ ಬಂದ ಮೂವರು ಮೆಸ್ಸಿ, ಇನಿಯೆಸ್ಟಾ, ಚಾವಿ. ಮೂವರೂ ಒಂದೇ ಅಕಾಡೆಮಿಯವರು. ಮೂವರೂ ಐದು ಅಡಿ ಏಳು ಇಂಚಿನ ಆಸುಪಾಸು. ದಯವಿಟ್ಟು ಈ ಒಂದು ಪ್ಯಾರಾವನ್ನು ಕತ್ತರಿಸಿ ನಿಮ್ಮ ಮಗನ ಕೋಚ್‌ಗೆ ಕೊಡಿ.

ನಾನೂ ಹೈಸ್ಕೂಲಿನಲ್ಲಿ ಎಡಗಡೆ ಆಡುತ್ತಿದ್ದೆ. ತಾಲ್ಲೂಕು ತಂಡದ ಆಯ್ಕೆಗೆ ಹೋದಾಗ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಎತ್ತರದ ಹುಡುಗರನ್ನು ಮುಂದಕ್ಕೆ ಕರೆದು, ಉಳಿದವರಿಗೆ ಮನೆಗೆ ಹೋಗಿ ಅಂದರು. ಒಂದು ಸಲವೂ ಚೆಂಡು ಮುಟ್ಟಿಸಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಬೂಟು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದೆ. ಎಷ್ಟೋ ವರ್ಷ ಆಯ್ತು, ಮರೆತಿಲ್ಲ.

ಇನಿಯೆಸ್ಟಾನನ್ನು ಮೂರನೆಯವನಾಗಿ ಇಟ್ಟಿದ್ದೀರಿ, ಸಂತೋಷ. ಎರಡು ಸಾವಿರ ಜನರಿರುವ ಹಳ್ಳಿಯಿಂದ ಬಂದ ಹುಡುಗ ಅವನು. ಹನ್ನೆರಡನೇ ವಯಸ್ಸಿಗೆ ಆ ಕಲ್ಲಿನ ಮನೆಗೆ ಬಿಟ್ಟು ಅಪ್ಪ ಅಮ್ಮ ಹೊರಟಾಗ ಅತ್ತೂ ಅತ್ತೂ ಸುಸ್ತಾದ. ಅದನ್ನು ಅವನೇ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಅದೇ ಹುಡುಗ 2010ರ ವಿಶ್ವಕಪ್ ಫೈನಲ್‌ನಲ್ಲಿ 116ನೇ ನಿಮಿಷಕ್ಕೆ ಗೋಲು ಹೊಡೆದ. ನಮ್ಮಲ್ಲಿ ಆಗ ರಾತ್ರಿ ಎರಡು ದಾಟಿತ್ತು. ಮನೆಯವರೆಲ್ಲ ಮಲಗಿದ್ದರು, ನಾನು ಟಿವಿಯ ಸದ್ದು ಆರಿಸಿ ನೋಡುತ್ತಿದ್ದೆ. ಅವನು ಜೆರ್ಸಿ ಬಿಚ್ಚಿ ಓಡಿದ. ಒಳಗಿನ ಬನಿಯನ್ ಮೇಲೆ ಡಾನಿ ಹಾರ್ಕೆಯ ಹೆಸರು. ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ಗೆಳೆಯ ಅವನು, ಅದೂ ಬಾರ್ಸಿಲೋನಾ ಊರಿನ ಎದುರಾಳಿ ಕ್ಲಬ್ ಎಸ್ಪಾನ್ಯೋಲ್‌ನ ಕ್ಯಾಪ್ಟನ್. ಜೀವನದ ಅತಿ ದೊಡ್ಡ ಗೋಲು ಹೊಡೆದ ಕ್ಷಣದಲ್ಲಿ ಅವನಿಗೆ ಎದುರಾಳಿ ಕ್ಲಬ್ಬಿನ ಗೆಳೆಯನ ನೆನಪು. ಅದೇ ಡಿಸೆಂಬರಿನಲ್ಲಿ ಇನಿಯೆಸ್ಟಾ ಎಸ್ಪಾನ್ಯೋಲ್ ಮೈದಾನಕ್ಕೆ ಆಡಲು ಹೋದಾಗ ಅಲ್ಲಿಯ ಜನ ಚಪ್ಪಾಳೆ ತಟ್ಟಿದರು. ಎದುರಾಳಿ ತಂಡದವನಿಗೆ! ಇದನ್ನು ಬರೆಯುವಾಗಲೂ ನನ್ನ ಗಂಟಲು ಕಟ್ಟುತ್ತದೆ.

ಆ ಫೈನಲ್‌ನಲ್ಲಿ ಸ್ಪೇನ್ ಕಡೆಯಿಂದ ಆಟ ಶುರು ಮಾಡಿದ ಹನ್ನೊಂದು ಮಂದಿಯಲ್ಲಿ ಆರು ಜನ ಲಾ ಮಸಿಯಾದವರು. ಇನಿಯೆಸ್ಟಾಗೆ ಕೊನೇ ಪಾಸ್ ಕೊಟ್ಟ ಫ್ಯಾಬ್ರೆಗಾಸ್ ಏಳನೆಯವನು, ಬದಲಿಯಾಗಿ ಬಂದಿದ್ದ.

ಇನ್ನು ನಿಮ್ಮ ಮೇಲೆ ಸ್ವಲ್ಪ ಕೋಪ. ಸೆರ್ಜಿಯೊ ಬುಸ್ಕೆಟ್ಸ್ ಎಲ್ಲಿ? ಹತ್ತರಲ್ಲೂ ಜಾಗ ಇಲ್ಲವಾ? ಅವನ ಅಪ್ಪ ಕಾರ್ಲೆಸ್ ಅದೇ ಕ್ಲಬ್ಬಿನ ಗೋಲ್‌ಕೀಪರ್ ಆಗಿದ್ದವರು. ಗಾರ್ಡಿಯೊಲಾ ಬಿ ತಂಡ ನೋಡಿಕೊಳ್ಳುವಾಗ ಹುಡುಗ ಅವನ ಕೈಕೆಳಗೆ ಇದ್ದ. 2008ರಲ್ಲಿ ದೊಡ್ಡ ತಂಡದ ಕೋಚ್ ಆಗಿ ಹೋದಾಗ ಗಾರ್ಡಿಯೊಲಾ ಅವನನ್ನೂ ಕರೆದುಕೊಂಡ. ಎರಡೇ ವರ್ಷಕ್ಕೆ ವಿಶ್ವಕಪ್. ಕ್ಲಬ್ಬಿಗೆ 722 ಪಂದ್ಯ ಆಡಿದ. ಗೋಲು ಹೊಡೆಯುವವನಲ್ಲ, ಜಾರಿ ಬಿದ್ದು ಚೆಂಡು ಕಿತ್ತು ಜನರನ್ನು ಕುಣಿಸುವವನೂ ಅಲ್ಲ. ಅವನು ಇಲ್ಲದ ದಿನ ಮಾತ್ರ ಅವನ ಬೆಲೆ ಗೊತ್ತಾಗುತ್ತಿತ್ತು. ಗಾವಿಯನ್ನು ಕೆಳಗಿಳಿಸಿ, ಅವನನ್ನು ಸೇರಿಸಿ.

ಐತಾನಾ ಬೊನ್ಮಾತಿ ಎಲ್ಲಿ? ಇದು ಇನ್ನೂ ದೊಡ್ಡ ತಪ್ಪು. 2023, 2024, 2025, ಸತತ ಮೂರು ವರ್ಷ ಮಹಿಳೆಯರ ಬ್ಯಾಲನ್ ಡಿ ಓರ್ ಗೆದ್ದವಳು. 2023ರ ವಿಶ್ವಕಪ್ ಗೆದ್ದ ಸ್ಪೇನ್ ತಂಡದಲ್ಲಿದ್ದಳು, ಆ ಕೂಟದ ಶ್ರೇಷ್ಠ ಆಟಗಾರ್ತಿಯೂ ಅವಳೇ. ಚಿಕ್ಕವಳಿದ್ದಾಗ ಊರಲ್ಲಿ ಹುಡುಗರ ಜೊತೆ ಆಡಿ, ಹದಿಹರೆಯದಲ್ಲಿ ಬಾರ್ಸಿಲೋನಾ ಸೇರಿದಳು. ಹಾಸ್ಟೆಲ್ಲಿನಲ್ಲಿ ಹುಡುಗಿಯರಿಗೆ ಕೋಣೆ ಸಿಕ್ಕಿದ್ದು 2021ರಲ್ಲಿ ಮಾತ್ರ. ಅಂದರೆ ಅವಳ ಕಾಲದಲ್ಲಿ ಇರಲೇ ಇಲ್ಲ. ಆ ಮನೆಯಲ್ಲಿ ಹಾಸಿಗೆ ಸಿಗದೆಯೂ ಆ ಮನೆಯ ಆಟವನ್ನು ಇಷ್ಟು ಚೆನ್ನಾಗಿ ಆಡುವವರು ಈಗ ಇನ್ನೊಬ್ಬರಿಲ್ಲ. ನನ್ನ ಪಟ್ಟಿಯಲ್ಲಿ ಅವಳು ಮೂರನೆಯವಳು.

ಯಮಾಲ್ ಬಗ್ಗೆ ಒಂದೇ ಮಾತು. 2023ರ ಏಪ್ರಿಲಿನಲ್ಲಿ ದೊಡ್ಡ ತಂಡಕ್ಕೆ ಇಳಿದಾಗ ಅವನಿಗೆ ಹದಿನೈದು. 2024ರ ಯೂರೋ ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ಆ ಗೋಲು ಹೊಡೆದಾಗ ಇನ್ನೂ ಹದಿನೇಳು ತುಂಬಿರಲಿಲ್ಲ. ಆ ಕೂಟಕ್ಕೆ ಶಾಲೆಯ ಹೋಮ್‌ವರ್ಕ್ ತೆಗೆದುಕೊಂಡು ಹೋಗಿದ್ದ ಹುಡುಗ. ಅವನನ್ನು ಈಗಲೇ ಎರಡನೇ ಸ್ಥಾನಕ್ಕೆ ಏರಿಸಿ ಭಾರ ಹೊರಿಸಬೇಡಿ. ಬೊಯಾನ್ ಕ್ರ್‌ಕಿಚ್ ನೆನಪಿದೆಯಾ? 2007ರಲ್ಲಿ ಹದಿನೇಳಕ್ಕೆ ಬಂದ. ಮುಂದಿನ ಮೆಸ್ಸಿ ಅಂತ ಪತ್ರಿಕೆಗಳು ಕೂಗಿದವು, ನಾವೂ ದನಿಗೂಡಿಸಿದೆವು. ಆತಂಕದಿಂದ ತಲೆಸುತ್ತು ಬಂದು ಆಡಲಾಗದೆ 2008ರ ಯೂರೋ ಬಿಟ್ಟಿದ್ದೆ ಅಂತ ಎಷ್ಟೋ ವರ್ಷದ ಮೇಲೆ ಅವನೇ ಹೇಳಿದ.

"ಅಕಾಡೆಮಿ ಸುಮ್ನೆ ಹೆಸರಿಗೆ" ಅಂದಿರಲ್ಲ, ಅದಕ್ಕೆ ಒಂದು ರಾತ್ರಿಯನ್ನು ನೆನಪಿಸುತ್ತೇನೆ. 2012ರ ನವೆಂಬರ್ 25, ಲೆವಾಂಟೆ ಮೇಲೆ ಪಂದ್ಯ. 14ನೇ ನಿಮಿಷಕ್ಕೆ ಡಾನಿ ಆಲ್ವೆಸ್ ಗಾಯಗೊಂಡು ಹೊರಗೆ ಹೋದ, ಮೊಂತೋಯಾ ಒಳಗೆ ಬಂದ. ಆಗ ಮೈದಾನದಲ್ಲಿದ್ದ ಬಾರ್ಸಿಲೋನಾದ ಹನ್ನೊಂದೂ ಜನ ಅದೇ ಅಕಾಡೆಮಿಯವರು. ಕೋಚ್ ಟಿಟೊ ವಿಲನೋವಾ ಕೂಡ ಅಲ್ಲೇ ಕಲಿತವರು. 4-0 ಗೆಲುವು. ಪಿಕೆ, ಫ್ಯಾಬ್ರೆಗಾಸ್, ಆಲ್ಬಾ ಮೂವರೂ ಹುಡುಗರಿದ್ದಾಗ ಬೇರೆ ಕಡೆ ಹೋಗಿ, ಕ್ಲಬ್ ದುಡ್ಡು ಕೊಟ್ಟ ಮೇಲೆ ವಾಪಸ್ ಬಂದವರು, ನಿಜ. ಆದರೂ ಹನ್ನೊಂದಕ್ಕೆ ಹನ್ನೊಂದು!

ಆ ಕ್ಲಬ್ಬೇ ಇದನ್ನು ಮರೆಯಿತು ಎನ್ನುವುದು ಬೇಜಾರು. 2017ರಲ್ಲಿ ನೇಮರ್ 222 ಮಿಲಿಯನ್ ಯೂರೋಗೆ ಪ್ಯಾರಿಸ್‌ಗೆ ಹೋದ. ಆ ದುಡ್ಡು ಹಿಡಿದು ಡೆಂಬೆಲೆ, ಕುಟಿನ್ಯೊ ಅಂತ ಒಬ್ಬೊಬ್ಬರಿಗೆ ನೂರು ಮಿಲಿಯನ್ ಮೀರಿ ಸುರಿದರು. ಸಾಲ ಬೆಳೆಯಿತು. 2021ರ ಆಗಸ್ಟಿನಲ್ಲಿ ಮೆಸ್ಸಿ ಕಣ್ಣೀರು ಒರೆಸಿಕೊಂಡು ಹೊರಟ. ಕೈ ಖಾಲಿಯಾದ ಮೇಲೆ ಮತ್ತೆ ಮನೆಯ ಮಕ್ಕಳೇ ಕೈ ಹಿಡಿದರು. ಗಾವಿ, ಬಾಲ್ದೆ, ಕುಬಾರ್ಸಿ, ಯಮಾಲ್.

ನಮ್ಮಲ್ಲೂ ಇದೇ ಚಾಳಿ. ಫಲಿತಾಂಶ ಬಂದ ಮರುದಿನ ನಿಮ್ಮ ಊರಿನ ಬೀದಿ ನೋಡಿ. ಎಲ್ಲ ಕಡೆ ಫ್ಲೆಕ್ಸ್, ರ‍್ಯಾಂಕ್ ಬಂದವರ ಫೋಟೊ. ಆ ಮಕ್ಕಳಲ್ಲಿ ಎಷ್ಟು ಜನ ಮೊದಲೇ ಬುದ್ಧಿವಂತರು ಅಂತ ಆರಿಸಿ ತಂದವರು? ಮೂವತ್ತೈದು ಅಂಕದ ಹುಡುಗನನ್ನು ಅರವತ್ತಕ್ಕೆ ಏರಿಸಿದ ಮೇಷ್ಟ್ರ ಫೋಟೊ ಯಾವ ಫ್ಲೆಕ್ಸ್‌ನಲ್ಲಿದೆ? ಪಿ.ಟಿ. ಪೀರಿಯಡ್ ಬಂದರೆ ಗಣಿತದವರು ಪೋರ್ಷನ್ ಮುಗಿಸಲು ಕೇಳಿ ತೆಗೆದುಕೊಳ್ಳುತ್ತಾರೆ. ಬರಿಗಾಲಲ್ಲಿ ಆಡಿ 1948 ಮತ್ತು 1952ರ ಒಲಿಂಪಿಕ್ಸ್‌ಗೆ ಹೋದ ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು. ಕೋಲ್ಕತ್ತದ ಈಸ್ಟ್ ಬೆಂಗಾಲ್‌ನಲ್ಲಿ ಪಂಚಪಾಂಡವರು ಅನ್ನಿಸಿಕೊಂಡ ಐವರಲ್ಲಿ ಒಬ್ಬರು. ಅವರ ಹೆಸರು ಹೇಳಿದರೆ ನನ್ನ ಕಚೇರಿಯ ಹುಡುಗರೇ ಯಾರು ಸಾರ್ ಅಂತ ಕೇಳುತ್ತಾರೆ.

ಯಾವ ಅಕಾಡೆಮಿ ಅಂತ ಕೇಳಿದ್ದೀರಿ. ಹೆಸರು ಹೇಳುವುದಿಲ್ಲ. ಸೇರಿಸುವ ಮೊದಲು ಒಂದು ಸಂಜೆ ಹೋಗಿ ಬೇಲಿಯ ಹೊರಗೆ ನಿಂತು ನೋಡಿ. ಎಲ್ಲ ಮಕ್ಕಳಿಗೂ ಚೆಂಡು ಸಿಗುತ್ತಿದೆಯಾ? ತಪ್ಪು ಪಾಸ್ ಕೊಟ್ಟ ಹುಡುಗನಿಗೆ ಕೋಚ್ ಏನನ್ನುತ್ತಾರೆ? ಕುಳ್ಳ ಹುಡುಗ ಆಡುತ್ತಿದ್ದಾನಾ, ನೀರಿನ ಬಾಟಲಿ ಹೊರುತ್ತಿದ್ದಾನಾ?

ಈ ಭಾನುವಾರ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು 2009ರ ಆ ರೋಮ್ ಫೈನಲ್ ಹಾಕಿ. ಚೆಂಡನ್ನು ನೋಡಬೇಡ, ಚಾವಿಯ ಆರನೇ ನಂಬರಿನ ಜೆರ್ಸಿಯನ್ನೇ ನೋಡು ಅಂತ ಹೇಳಿ. ಮೊದಲ ಹತ್ತು ನಿಮಿಷದಲ್ಲಿ ಆ ಕತ್ತು ಎಷ್ಟು ಸಲ ತಿರುಗಿತು ಅಂತ ಅವನೇ ಎಣಿಸಲಿ. ಲೆಕ್ಕವನ್ನು ಅವನ ಕೈಯಿಂದಲೇ ಬರೆಸಿ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.