ಸ್ಥಾವರವಿಲ್ಲದ ದೇಶಕ್ಕೂ ಕಾವಲು ಬೇಕು

ಆತ್ಮೀಯ ಓದುಗರೇ,

ಅಣುಸುರಕ್ಷತೆಯ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಅಣುವಿದ್ಯುತ್ ಸ್ಥಾವರವೇ ಇಲ್ಲದ ದೇಶಕ್ಕೆ ವಿಕಿರಣ ನಿಯಂತ್ರಣ ಸಂಸ್ಥೆ ಯಾತಕ್ಕೆ? ಸ್ಥಾವರ ಇದ್ದರೂ, ಅದನ್ನು ಕಟ್ಟಿ ನಡೆಸುವ ತಜ್ಞರಿಗೆ ತಿಳಿಯದ್ದು ಈ ಅಧಿಕಾರಿಗಳಿಗೇನು ತಿಳಿದೀತು?

ಮೊದಲನೆಯದಕ್ಕೆ ಉತ್ತರ ಬ್ರೆಜಿಲ್‌ನ ಗೊಯಾನಿಯಾದಲ್ಲಿದೆ. ಅಲ್ಲಿನ ಖಾಸಗಿ ವಿಕಿರಣ ಚಿಕಿತ್ಸಾ ಕೇಂದ್ರವೊಂದು ಬೇರೆ ಕಟ್ಟಡಕ್ಕೆ ಹೋಗುವಾಗ ವಿಕಿರಣ ಸೂಸುವ ಸೀಸಿಯಂ-137 ಇದ್ದ ಯಂತ್ರವನ್ನು ಹಳೆಯ ಜಾಗದಲ್ಲೇ ಬಿಟ್ಟಿತು. ಪರವಾನಗಿ ಕೊಟ್ಟವರಿಗೆ ತಿಳಿಸಬೇಕಿತ್ತು, ತಿಳಿಸಲಿಲ್ಲ. 1987ರ ಸೆಪ್ಟೆಂಬರಿನಲ್ಲಿ ಇಬ್ಬರು ಅದನ್ನು ಬಿಚ್ಚಿ ಗುಜರಿಗೆ ಮಾರಿದರು. ಒಳಗಿನ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ಚೆಂದ ಕಂಡಿತೆಂದು ಜನ ಮನೆಗೊಯ್ದರು, ಮೈಗೆ ಸವರಿಕೊಂಡರು. ನಾಲ್ವರು ಸತ್ತರು, ಅವರಲ್ಲೊಬ್ಬಳು ಆರು ವರ್ಷದ ಹುಡುಗಿ. ಸುಮಾರು 1,12,000 ಜನರನ್ನು ಪರೀಕ್ಷಿಸಬೇಕಾಯಿತು. ಇಷ್ಟಕ್ಕೆಲ್ಲ ಕಾರಣವಾದ ಪುಡಿ ನೂರು ಗ್ರಾಂ ಕೂಡ ಇರಲಿಲ್ಲ.

ಇಂಥ ವಿಕಿರಣ ಮೂಲಗಳು ಆಸ್ಪತ್ರೆಗಳಲ್ಲಿವೆ, ಕೊಳವೆಯ ಬೆಸುಗೆ ಪರೀಕ್ಷಿಸುವವರ ಬಳಿ ಇವೆ, ಕಾರ್ಖಾನೆಯ ಅಳತೆ ಉಪಕರಣಗಳಲ್ಲಿವೆ. ಪ್ರತಿಯೊಂದೂ ಯಾರ ಕೈಯಲ್ಲಿದೆ, ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಯಿತು ಎಂದು ಲೆಕ್ಕ ಇಡುವುದು ನಿಯಂತ್ರಕರ ಮೊದಲ ಕೆಲಸ. ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದೂ ಅದೇ. ಸೀಸಿಯಂ-137ರ ವಿಕಿರಣ ಅರ್ಧಕ್ಕಿಳಿಯಲು ಸುಮಾರು 30 ವರ್ಷ ಬೇಕು. ಅಷ್ಟರಲ್ಲಿ ಮಾಲೀಕರು ಬದಲಾಗುತ್ತಾರೆ, ಕಂಪನಿ ಮುಚ್ಚುತ್ತದೆ, ವಿಷಯ ಗೊತ್ತಿದ್ದವರು ನಿವೃತ್ತರಾಗುತ್ತಾರೆ. ಆಗಲೂ ಆ ಲೆಕ್ಕದ ಪುಸ್ತಕ ಉಳಿದಿರಬೇಕು, ಅದನ್ನು ಹಿಡಿದು ಬಾಗಿಲು ತಟ್ಟಿ ಕೇಳುವವರೂ ಇರಬೇಕು.

ಪರವಾನಗಿ, ತಪಾಸಣೆ, ವಿಕಿರಣದ ಮಿತಿ ಇವೆಲ್ಲ ಇದರ ಜತೆಗೇ ಬರುತ್ತವೆ. ಅಂತರರಾಷ್ಟ್ರೀಯ ಶಿಫಾರಸಿನಂತೆ ಸಾರ್ವಜನಿಕರಿಗೆ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣವನ್ನು ಅಳೆಯುವ ಮಾನ), ವಿಕಿರಣದ ನಡುವೆ ದುಡಿಯುವವರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20. ನಿಸರ್ಗದಿಂದ ಬರುವ ವಿಕಿರಣವೂ ರೋಗಿ ಚಿಕಿತ್ಸೆಗಾಗಿ ಪಡೆಯುವ ವಿಕಿರಣವೂ ಇದರಲ್ಲಿ ಸೇರುವುದಿಲ್ಲ.

ಇನ್ನು ಎರಡನೆಯ ಪ್ರಶ್ನೆ. ಸ್ಥಾವರದ ಒಳಹೊರಗು ನಡೆಸುವವರಿಗೇ ಚೆನ್ನಾಗಿ ಗೊತ್ತು, ಒಪ್ಪುತ್ತೇನೆ. ಸುರಕ್ಷತೆಯ ಮೊದಲ ಹೊಣೆಯೂ ಅವರದೇ. ಆದರೆ ಸ್ಥಾವರ ನಿಂತರೆ ಅವರಿಗೆ ನಷ್ಟ. ನಿಲ್ಲಿಸಿ ಎನ್ನುವವನಿಗೆ ಆ ನಷ್ಟದ ಭಯ ಇರಬಾರದು. 2011ರಲ್ಲಿ ಫುಕುಶಿಮಾ ದುರಂತ ನಡೆದಾಗ ಜಪಾನಿನ ನಿಯಂತ್ರಕ ಸಂಸ್ಥೆ ಇದ್ದದ್ದು, ಅಣುವಿದ್ಯುತ್ತನ್ನು ಬೆಳೆಸುವ ಹೊಣೆ ಹೊತ್ತ ಸಚಿವಾಲಯದ ಅಡಿಯಲ್ಲೇ. ಅದು ಮಾನವನಿರ್ಮಿತ ದುರಂತ ಎಂದು ಸಂಸತ್ತು ನೇಮಿಸಿದ ತನಿಖಾ ಆಯೋಗ ಮರುವರ್ಷ ಹೇಳಿತು. ನಿಯಂತ್ರಿಸಬೇಕಾದವರು ಉದ್ಯಮದ ಹಿಡಿತಕ್ಕೆ ಸಿಕ್ಕಿದ್ದರೆಂದೂ ಹೇಳಿತು.

ಆ ಸಂಸ್ಥೆಯನ್ನು ಮುಚ್ಚಿ, 2012ರ ಸೆಪ್ಟೆಂಬರಿನಲ್ಲಿ ಆ ಸಚಿವಾಲಯದಿಂದ ಬೇರೆಯಾದ ಹೊಸ ಪ್ರಾಧಿಕಾರ ಸ್ಥಾಪಿಸಿದರು. ಜಪಾನಿನ ತ್ಸುರುಗಾ ಸ್ಥಾವರದ ಎರಡನೆಯ ರಿಯಾಕ್ಟರನ್ನು ಮತ್ತೆ ಚಾಲೂ ಮಾಡಲು ಅದರ ಕಂಪನಿ ಅನುಮತಿ ಕೇಳಿತ್ತು. ಕಟ್ಟಡದಡಿಯ ನೆಲದಲ್ಲಿ ಸಕ್ರಿಯ ಭೂಬಿರುಕು ಇರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದು ಪ್ರಾಧಿಕಾರ 2024ರ ನವೆಂಬರಿನಲ್ಲಿ ಅರ್ಜಿಯನ್ನು ತಿರಸ್ಕರಿಸಿತು.

-ಸಂ.