ಒಂದೇ ಇನ್ಸುಲಿನ್, ಎರಡು ಸಲ

ಪ್ರಶ್ನೆ: ಡಾಕ್ಟ್ರೇ, ಹೋದ ತಿಂಗಳು ನಮ್ಮ ಮಾವನನ್ನು ಜ್ವರ ಅಂತ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಷುಗರ್ ಜಾಸ್ತಿ ಇತ್ತು. ಕ್ಯಾಶುವಾಲಿಟಿಯಲ್ಲಿ ಇನ್ಸುಲಿನ್ ಕೊಟ್ಟು ವಾರ್ಡಿಗೆ ಕಳಿಸಿದರು. ಅಲ್ಲಿ ಸಿಸ್ಟರ್‌ಗಳ ಡ್ಯೂಟಿ ಬದಲಾಗುವ ಹೊತ್ತು. ಅರ್ಧ ಗಂಟೆಯಲ್ಲಿ ಇನ್ನೊಂದು ಸಲ ಕೊಟ್ಟುಬಿಟ್ಟರು! ಮಾವ ಬೆವರಿ, ನಡುಗಿ ಹೋದರು. ಗ್ಲೂಕೋಸ್ ಹಾಕಿ ಸರಿ ಮಾಡಿದರು. ಒಂದೇ ಆಸ್ಪತ್ರೆಯೊಳಗೆ ಹೀಗೆ ಹೇಗೆ ಆಗುತ್ತದೆ? ನಾವೇನು ಮಾಡಬಹುದಿತ್ತು?
– ಒಬ್ಬ ಓದುಗಿ, ಬದಿಯಡ್ಕ

ಉತ್ತರ: ಮಾವ ಹುಷಾರಾದರಲ್ಲ, ಮೊದಲು ಅದು ಸಮಾಧಾನ.

ಕ್ಯಾಶುವಾಲಿಟಿಯಿಂದ ವಾರ್ಡಿಗೆ, ಥಿಯೇಟರಿನಿಂದ ಐಸಿಯುಗೆ, ಹಗಲು ಡ್ಯೂಟಿಯಿಂದ ರಾತ್ರಿ ಡ್ಯೂಟಿಗೆ ರೋಗಿ ಕೈ ಬದಲಾಗುತ್ತಲೇ ಇರುತ್ತಾರೆ. ಸ್ಟ್ರೆಚರ್ ತಳ್ಳಿಕೊಂಡು ಬಂದವರಿಗೆ ವಾಪಸು ಹೋಗುವ ಅವಸರ, ಒಳಗಿನವರಿಗೆ ಮನೆಗೆ ಹೊರಡುವ ಬಸ್ಸಿನ ಚಿಂತೆ, ಈ ನಡುವೆ ‘ಎಲ್ಲಾ ಕೇಸ್‌ಶೀಟಲ್ಲಿದೆ’ ಅಂತ ಒಂದು ಮಾತು. ಇಂಜೆಕ್ಷನ್ ಕೊಟ್ಟಿದ್ದು ಶೀಟಿಗೆ ಏರುವ ಮೊದಲೇ ರೋಗಿ ವಾರ್ಡಿಗೆ ಬಂದಿರುತ್ತಾರೆ. ಹೊಸ ಸಿಸ್ಟರ್ ಶೀಟ್ ನೋಡಿ ಪ್ರಾಮಾಣಿಕವಾಗಿಯೇ ಔಷಧ ಕೊಡುತ್ತಾರೆ. ನಿಮ್ಮಲ್ಲೂ ಹೀಗೇ ಆಗಿರಬಹುದು.

ಇದಕ್ಕೆ ಮದ್ದು ಇದೆ. ಅಮೆರಿಕ, ಕೆನಡಾದ 9 ಆಸ್ಪತ್ರೆಗಳ ಮಕ್ಕಳ ವಿಭಾಗಗಳಲ್ಲಿ ಕಿರಿಯ ಡಾಕ್ಟರುಗಳಿಗೆ ರೋಗಿಯನ್ನು ಇನ್ನೊಬ್ಬರಿಗೆ ಒಪ್ಪಿಸುವಾಗ ಪಾಲಿಸುವ ‘ಐ-ಪಾಸ್’ ಅನ್ನೋ ಕ್ರಮ ಕಲಿಸಿದರು. ಕಾಯಿಲೆ ಎಷ್ಟು ಗಂಭೀರ, ಈವರೆಗೆ ಏನಾಯಿತು, ಮುಂದೇನು ಮಾಡಬೇಕು, ಏನಾದರೂ ಏರುಪೇರಾದರೆ ಏನು ಮಾಡಬೇಕು ಅಂತ ಹೇಳಿ, ಕೊನೆಗೆ ಕೇಳಿಸಿಕೊಂಡವರು ಅದನ್ನೇ ತಮ್ಮ ಮಾತಲ್ಲಿ ತಿರುಗಿ ಹೇಳಬೇಕು. 2014ರಲ್ಲಿ ಬಂದ ಲೆಕ್ಕದ ಪ್ರಕಾರ ಚಿಕಿತ್ಸೆಯ ತಪ್ಪುಗಳು ನೂರಕ್ಕೆ 23ರಷ್ಟು ಇಳಿದವು. ನನ್ನ ಕೇಳಿದರೆ ಕೊನೆಯ ಆ ತಿರುಗಿ ಹೇಳುವುದೇ ಜೀವಾಳ. ನಮ್ಮಲ್ಲಿ ಜಾಸ್ತಿ ಬಿಟ್ಟುಹೋಗುವುದೂ ಅದೇ. ತಲೆ ಆಡಿಸಿದರೆ ಕೇಳಿಸಿಕೊಂಡ ಹಾಗೆ ಅಂತ ನಮ್ಮ ಲೆಕ್ಕ!

ಕಾಸರಗೋಡಿನಲ್ಲಿ ಭಾಷೆಯದ್ದೊಂದು ಬೇರೆ ತಮಾಷೆ. ಸಿಸ್ಟರ್ ಮಲಯಾಳದಲ್ಲಿ ‘ಕೊಡುತ್ತು’ ಅಂದರೆ ಕೊಟ್ಟಾಯಿತು ಅಂತ. ಕನ್ನಡದ ಕಿವಿಗೆ ಅದು ‘ಕೊಡುತ್ತಾರೆ’ ಅಂತ ಕೇಳುತ್ತದೆ, ಅಲ್ವಾ? ಹಾಗಾಗಿ ಗಡಿಯಾರ ತೋರಿಸಿ ಎಷ್ಟು ಗಂಟೆಗೆ ಅಂತ ಕೇಳಿ. ಅಂಕಿಗೆ ಭಾಷೆ ಬೇಡ.

ನೀವು ರೋಗಿಯ ಜೊತೆಗೆ ಬೈಸ್ಟ್ಯಾಂಡರ್ ಆಗಿ ನಿಂತಾಗ ಒಂದು ಚೀಟಿ ಇಟ್ಟುಕೊಳ್ಳಿ. ಯಾವ ಔಷಧ, ಎಷ್ಟು ಗಂಟೆಗೆ, ಯಾವುದು ಮೈಗೆ ಆಗುವುದಿಲ್ಲ, ಅಷ್ಟು ಸಾಕು. ವಾರ್ಡಿಗೆ ಬಂದ ಕೂಡಲೇ ಅದನ್ನು ಸಿಸ್ಟರಿಗೆ ತೋರಿಸಿ. ಇನ್ಸುಲಿನ್, ರಕ್ತ ತೆಳುವಾಗಿಸುವ ಮಾತ್ರೆ ಇದ್ದರಂತೂ ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ. ರೋಗಿಯನ್ನು ಹೆಸರು ಮತ್ತು ಐಪಿ ನಂಬರಿನಿಂದ (ದಾಖಲಾದಾಗ ಕೊಡುವ ನಂಬರ್) ಗುರುತಿಸಲಿ. ಬೆಡ್ ನಂಬರ್ ನಂಬಬೇಡಿ, ಬೆಡ್ ಬದಲಾಗುತ್ತದೆ. ಮಂಗಳೂರಿಗೆ ಕಳಿಸಿದರೆ ತಲಪಾಡಿ ಗಡಿ ದಾಟುವ ಮೊದಲೇ ರೆಫರಲ್ ಚೀಟಿ ಕೈಯಲ್ಲಿರಲಿ, ಬ್ಯಾಗಿನ ತಳದಲ್ಲಿ ಬೇಡ. ಒಂದು ಫೋಟೋವೂ ತೆಗೆದಿಡಿ.

ಈಗ ಮಾವನ ಡಿಸ್ಚಾರ್ಜ್ ಸಮ್ಮರಿ ತೆಗೆದು ನೋಡಿ. ಎರಡನೇ ಇನ್ಸುಲಿನ್ ಆದ ಮೇಲೆ ಷುಗರ್ ತೀರಾ ಇಳಿದ ವಿಷಯ ಅದರಲ್ಲಿ ಬರೆದಿದ್ದಾರಾ? ಇಲ್ಲದಿದ್ದರೆ ಹೋಗಿ ಬರೆಸಿಕೊಳ್ಳಿ. ಮುಂದೆ ನೋಡುವ ಡಾಕ್ಟರಿಗೆ ಅದು ಬೇಕಾಗುತ್ತದೆ.